ನಿಮಗಿದು ಗೊತ್ತೇ? ಪಟ್ಟಿಯಿಂದ ಹೆಕ್ಕುವ ಕೋಡ್

● ಪಟ್ಟಿಯಿಂದ ಬೇಕಾದವನ್ನು ಹೆಕ್ಕಿಕೊಡುವ ಫಿಲ್ಟರ್‌ಗೆ ಕೊಡುವ ಷರತ್ತು ಉಳಿಯುವವರದ್ದು, ಹೊರಹೋಗುವವರದ್ದಲ್ಲ. ‘ಅಂಕ 35ಕ್ಕಿಂತ ಕಡಿಮೆ’ ಎಂದು ಬರೆದರೆ ಕೈಗೆ ಬರುವುದು ನಪಾಸಾದವರ ಪಟ್ಟಿ! ರೂಬಿ ಭಾಷೆಯಲ್ಲಿ ಈ ಗೊಂದಲ ಕಡಿಮೆ: ಇಟ್ಟುಕೊಳ್ಳಲು ಸೆಲೆಕ್ಟ್, ಬಿಟ್ಟುಹಾಕಲು ರಿಜೆಕ್ಟ್. ಉಳಿದ ಭಾಷೆಗಳೂ ಹೀಗೇ ಮಾಡಬಹುದಿತ್ತು.

● ಡೇಟಾಬೇಸ್ ಭಾಷೆ ಎಸ್‌ಕ್ಯೂಎಲ್‌ನಲ್ಲಿ ಸಾಲುಗಳನ್ನು ಸೋಸುವ ಕೆಲಸ ‘ವೇರ್’ ಎಂಬ ಪದದ್ದು. ಐಬಿಎಂನ ಡೊನಾಲ್ಡ್ ಚೇಂಬರ್ಲಿನ್, ರೇಮಂಡ್ ಬಾಯ್ಸ್ 1974ರಲ್ಲಿ ಪ್ರಕಟಿಸಿದ ಭಾಷೆಯ ಮುಂದುವರಿಕೆ ಅದು. 2007ರಲ್ಲಿ ಸಿ ಶಾರ್ಪ್ ಕೂಡ ಸೋಸಲು ‘ವೇರ್’ ಪದವನ್ನೇ ಎತ್ತಿಕೊಂಡಿತು.

● ಲೂಪ್ ಓಡುತ್ತಿರುವಾಗಲೇ ಅದೇ ಪಟ್ಟಿಯಿಂದ ಅಳಿಸಿದರೆ? ಪೈಥಾನ್‌ನಲ್ಲಿ 2, 4, 5, 6 ಇರುವ ಲಿಸ್ಟ್‌ನಿಂದ ಸಮಸಂಖ್ಯೆಗಳನ್ನು ತೆಗೆಯಲು ಹೊರಡಿ. 2 ಹೋದ ಕೂಡಲೇ 4 ಮೊದಲ ಜಾಗಕ್ಕೆ ಸರಿಯುತ್ತದೆ. ಲೂಪ್ ಅಷ್ಟರಲ್ಲಿ ಎರಡನೆಯ ಜಾಗಕ್ಕೆ ದಾಟಿ 5ನ್ನು ನೋಡುತ್ತಿರುತ್ತದೆ. ಕೊನೆಗೆ ಉಳಿಯುವುದು 4 ಮತ್ತು 5. ಎರರ್ ಇಲ್ಲ, ಎಚ್ಚರಿಕೆಯೂ ಇಲ್ಲ. ಜಾವಾದ ಅರೇಲಿಸ್ಟ್‌ನಲ್ಲಿ ಹೀಗೆ ಮಾಡಿದರೆ ಸಾಮಾನ್ಯವಾಗಿ ‘ಕನ್‌ಕರೆಂಟ್ ಮಾಡಿಫಿಕೇಶನ್ ಎಕ್ಸೆಪ್ಶನ್’ ಬಂದು ಪ್ರೋಗ್ರಾಂ ನಿಂತೇ ಹೋಗುತ್ತದೆ. ತೆಪ್ಪಗೆ ತಪ್ಪು ಉತ್ತರ ಕೊಡುವುದಕ್ಕಿಂತ ಅದೇ ವಾಸಿ.

● ಜಾವಾಸ್ಕ್ರಿಪ್ಟ್‌ನ ಅರೇಗಳಿಗೆ ಫಿಲ್ಟರ್ ಅಧಿಕೃತವಾಗಿ ಸೇರಿದ್ದು 2009ರಲ್ಲಿ. ಅದು ಮೂಲ ಅರೇಯನ್ನು ಮುಟ್ಟದೆ ಹೊಸದನ್ನು ಕೊಡುತ್ತದೆ. ಆದರೆ ಒಳಗಿರುವ ಆಬ್ಜೆಕ್ಟ್‌ಗಳು ನಕಲಾಗುವುದಿಲ್ಲ. ಹೊಸ ಅರೇಯಲ್ಲಿರುವ ವಿದ್ಯಾರ್ಥಿಯ ಹೆಸರು ತಿದ್ದಿದರೆ ಹಳೆಯದರಲ್ಲೂ ತಿದ್ದಿಹೋಗುತ್ತದೆ.

● ಪೈಥಾನ್‌ನ ಜನಕ ಗೈಡೊ ವಾನ್ ರಾಸಮ್‌ಗೆ ಫಿಲ್ಟರ್ ಬೇಡವಾಗಿತ್ತು! ಒಂದೇ ಸಾಲಿನಲ್ಲಿ ಸೋಸಿ ಹೊಸ ಲಿಸ್ಟ್ ಕಟ್ಟುವ ‘ಲಿಸ್ಟ್ ಕಾಂಪ್ರಹೆನ್ಶನ್’ ಇರುವಾಗ ಇದೇಕೆ ಎಂದು ಅದನ್ನು ಕೈಬಿಡುವ ಇರಾದೆಯನ್ನು 2005ರಲ್ಲಿ ಬರೆದಿದ್ದರು. 2008ರಲ್ಲಿ ಪೈಥಾನ್ 3 ಬಂದಾಗ ಫಿಲ್ಟರ್ ಉಳಿದಿತ್ತು, ಸ್ವಭಾವ ಮಾತ್ರ ಬದಲಾಗಿತ್ತು. ಈಗ ಅದು ಲಿಸ್ಟ್ ಕೊಡುವುದಿಲ್ಲ. ಕೇಳಿದಾಗ ಒಂದೊಂದಾಗಿ ಕೊಡುತ್ತದೆ. ಒಮ್ಮೆ ಪೂರ್ತಿ ಓದಿ ಮುಗಿಸಿ ಮತ್ತೆ ಲೂಪ್ ಹಾಕಿದರೆ ಏನೂ ಸಿಗದು.

● ಪೈಥಾನ್ ಫಿಲ್ಟರ್‌ಗೆ ಷರತ್ತಿನ ಬದಲು ‘ನನ್’ (ಏನೂ ಇಲ್ಲ ಎಂಬ ಮೌಲ್ಯ) ಕೊಟ್ಟರೆ ಖಾಲಿ ಸ್ಟ್ರಿಂಗ್, ‘ಫಾಲ್ಸ್’ ಇವೆಲ್ಲ ತಾವಾಗಿಯೇ ಹೊರಗೆ. ಚುಟುಕಾದ ಉಪಾಯವೇ ಸರಿ. ಆದರೆ 78, 0, 91 ಎಂಬ ಅಂಕಗಳನ್ನು ಕೊಟ್ಟರೆ ವಾಪಸು ಬರುವುದು 78, 91. ಸೊನ್ನೆ ತೆಗೆದವನು ಪರೀಕ್ಷೆಗೇ ಕೂತಿರಲಿಲ್ಲ ಎಂಬಂತೆ. ತರಗತಿಯ ಸರಾಸರಿ ಇದ್ದಕ್ಕಿದ್ದಂತೆ ಏರಿಬಿಡುತ್ತದೆ. ಅಂಕಪಟ್ಟಿಯಿರಲಿ, ಅಂಗಡಿಯ ದಾಸ್ತಾನಿರಲಿ, ಸೊನ್ನೆಗೂ ಲೆಕ್ಕವಿರುವ ಕಡೆ ಇದನ್ನು ಬಳಸಬೇಡಿ. ಷರತ್ತನ್ನು ನೀವೇ ಬಿಡಿಸಿ ಬರೆಯಿರಿ.