ಲಾನ್ ಮೇಲೆ ಗಿನಿಪಿಗ್ ಮೇಯ್ತಾ ಇದೆಯಾ? ಹುಲ್ಲಿಗೆ ಎರಡನೇ ಸಲ ಬೇಗ ಬಾಯಿ ಬೀಳದ ಹಾಗೆ ನೋಡ್ಕೊಳ್ಳಿ

ಬೇಲೂರು, ಹಳೇಬೀಡು ಕಡೆ ಹೋಂಸ್ಟೇ ಮಾಡಿರೋರು, ತೋಟದ ಮನೆ ಕಟ್ಟಿಕೊಂಡಿರೋರು ಮನೆ ಮುಂದೆ ಒಂದಿಷ್ಟು ಜಾಗದಲ್ಲಿ ಲಾನ್ ಹಾಕ್ತಾರೆ. ಆಮೇಲೆ ಮಕ್ಕಳು ಕೇಳಿದ್ರು ಅಂತ ಒಂದು ಜೊತೆ ಗಿನಿಪಿಗ್ ಬರುತ್ತೆ. ಮಳೆಗಾಲ ಪೂರ್ತಿ ಎಲ್ಲ ಚೆನ್ನಾಗಿರುತ್ತೆ. ಸಂಕ್ರಾಂತಿ ಕಳೆದ ಮೇಲೆ ಹುಲಿಕೆರೆಯಲ್ಲಿ ನನಗೆ ಫೋನ್ ಬರೋಕೆ ಶುರು: "ಹುಲ್ಲು ಅಲ್ಲಲ್ಲಿ ಬೋಳಾಗಿದೆ, ಯಾವ ಗೊಬ್ಬರ ಹಾಕಲಿ?"

ಗೊಬ್ಬರದಿಂದ ಇದು ಸರಿಹೋಗಲ್ಲ. ಪ್ರಾಣಿ ಎಷ್ಟು ತಿಂತು ಅನ್ನೋದಕ್ಕಿಂತ, ತಿಂದ ಜಾಗಕ್ಕೆ ಮತ್ತೆ ಎಷ್ಟು ದಿನಕ್ಕೆ ಬಂತು ಅನ್ನೋದು ಮುಖ್ಯ.

ಹುಲ್ಲು ತನ್ನ ಊಟ ತಯಾರಿಸೋದು ಎಲೆಯಲ್ಲಿ. ಎಲೆ ಹೋದಾಗ ಬೇರು ಮತ್ತು ನೆಲದ ಮೇಲೆ ಹಬ್ಬಿರೋ ಬಳ್ಳಿಯಲ್ಲಿ ಕೂಡಿಟ್ಟಿದ್ದನ್ನ ಖರ್ಚು ಮಾಡಿ ಹೊಸ ಚಿಗುರು ಬಿಡುತ್ತೆ. ಆ ಚಿಗುರು ಬಲಿತು ಖರ್ಚಾಗಿದ್ದನ್ನ ವಾಪಸ್ ತುಂಬಿಸಬೇಕು. ನಾಲ್ಕನೇ ದಿನಕ್ಕೇ ಆ ಎಳೆ ಚಿಗುರಿಗೆ ಮತ್ತೆ ಬಾಯಿ ಬಿದ್ರೆ ಹುಲ್ಲು ಸಾಲದ ಮೇಲೆ ಸಾಲ ಮಾಡುತ್ತೆ. ಅರ್ಧಕ್ಕಿಂತ ಹೆಚ್ಚು ಎಲೆ ಒಂದೇ ಸಲ ಹೋದ್ರೆ ಬೇರು ಬೆಳೆಯೋದೇ ನಿಲ್ಲುತ್ತೆ. ಮಳೆಗಾಲದಲ್ಲಿ ಮೇಲಿನ ತೇವ ಸಾಕಾಗೋದ್ರಿಂದ ಇದು ನಮಗೆ ಕಾಣಲ್ಲ. ಜನವರಿ, ಫೆಬ್ರವರಿಯಲ್ಲಿ ಮೇಲ್ಮಣ್ಣು ಒಣಗಿದಾಗ ಗಿಡ್ಡ ಬೇರಿನ ಹುಲ್ಲು ಮೊದಲು ಹೋಗುತ್ತೆ.

ಗಿನಿಪಿಗ್‌ಗೆ ಎಳೆ ಚಿಗುರು ಅಂದ್ರೆ ಪ್ರಾಣ. ಹಸು ನಾಲಿಗೆಯಿಂದ ಹುಲ್ಲು ಸುತ್ತಿ ಕೀಳೋದ್ರಿಂದ ಬುಡದಲ್ಲಿ ಒಂದಷ್ಟು ಉಳಿಯುತ್ತೆ. ಇದಕ್ಕೆ ಮೇಲೂ ಕೆಳಗೂ ಬಾಚಿಹಲ್ಲು ಇದೆ, ಕತ್ತರಿ ಹಾಕಿದ ಹಾಗೆ ನೆಲದ ಹತ್ತಿರಕ್ಕೇ ಕತ್ತರಿಸುತ್ತೆ. ಬಿಟ್ಟರೆ ಅದೇ ಜಾಗಕ್ಕೆ ದಿನಾ ಹೋಗುತ್ತೆ, ಯಾಕಂದ್ರೆ ಹೊಸ ಚಿಗುರು ಇರೋದು ಅಲ್ಲೇ. ಹಳೇಬೀಡಿನ ಹೊಯ್ಸಳೇಶ್ವರ ದೇವಸ್ಥಾನದ ಮುಂದಿನ ಹುಲ್ಲುಹಾಸು ನೋಡಿದ್ದೀರಲ್ಲ? ಯಂತ್ರ ಒಂದೇ ಎತ್ತರಕ್ಕೆ ಒಂದು ಸಲ ಕತ್ತರಿಸಿ ಹೋದ್ರೆ ಮುಂದಿನ ಸಲದವರೆಗೂ ಅದಕ್ಕೆ ಬಿಡುವು. ನಮ್ಮ ಪ್ರಾಣಿಗೂ ಆ ಬಿಡುವನ್ನ ನಾವೇ ಮಾಡಿಕೊಡಬೇಕು.

ಜರುಗಿಸೋ ಪಂಜರ

ವೆಲ್ಡ್ ಮೆಶ್‌ನಿಂದ ನಾಲ್ಕಡಿ ಉದ್ದ, ನಾಲ್ಕಡಿ ಅಗಲದ, ತಳ ಇಲ್ಲದ ಪಂಜರ ಮಾಡಿಸಿ. ಮೇಲೆ ಮುಚ್ಚಳ ಇರಲೇಬೇಕು. ಒಂದು ಜೊತೆಗೆ ಮೇಯೋಕೆ ಇಷ್ಟು ಸಾಕು. ಗಿನಿಪಿಗ್ ಮೊಲದ ಹಾಗೆ ನೆಲ ತೋಡಲ್ಲ, ಹಾಗಾಗಿ ತಳಕ್ಕೆ ಜಾಲರಿ ಬೇಡ. ಹುಲ್ಲು ನಾಲ್ಕು ಬೆರಳು ಎತ್ತರ ಇದ್ದಾಗ ಬಿಡಿ, ಎರಡು ಬೆರಳಿಗೆ ಇಳಿದಾಗ ಪಂಜರ ಪಕ್ಕಕ್ಕೆ ಜರುಗಿಸಿ. ದಿನಕ್ಕೊಂದು ಜಾಗ ಅಂತ ಲೆಕ್ಕ ಇಟ್ಟುಕೊಳ್ಳಿ, ಆದ್ರೆ ಹುಲ್ಲು ಮಧ್ಯಾಹ್ನಕ್ಕೇ ಇಳಿದಿದ್ರೆ ಮಧ್ಯಾಹ್ನಕ್ಕೇ ಎತ್ತಿ. ಕ್ಯಾಲೆಂಡರ್‌ಗಿಂತ ಬೆರಳಿನ ಅಳತೆ ನಂಬಿ.

ಮುಂಗಾರಿನಲ್ಲಿ ಗರಿಕೆ ಹದಿನೈದು ದಿನಕ್ಕೆಲ್ಲ ಮತ್ತೆ ಎತ್ತರಕ್ಕೆ ಬರುತ್ತೆ. ಪಂಜರಕ್ಕೆ 16 ಚದರಡಿ, 16 ಜಾಗ ಅಂದ್ರೆ 256 ಚದರಡಿ. ಹದಿನಾರಡಿ ಚೌಕದ ಲಾನ್ ಇದ್ರೆ ಒಂದು ಜೊತೆಗೆ ಸರಿಹೋಯ್ತು. ಬೇಸಿಗೆಯಲ್ಲಿ ನೀರು ಕೊಟ್ಟರೂ ಒಂದು ತಿಂಗಳು ಬೇಕಾಗುತ್ತೆ. ಆಗ ಜಾಗ ಎರಡರಷ್ಟು ಬೇಕು, ಇಲ್ಲಾಂದ್ರೆ ದಿನ ಬಿಟ್ಟು ದಿನ ಮೇಯಿಸಿ, ಉಳಿದ ದಿನ ಮೇವು ಕುಯ್ದು ಹಾಕಿ. ಜೊತೆಯಲ್ಲಿ ಗಂಡು ಹೆಣ್ಣು ಇದ್ರೆ ಜೊತೆ ಜೊತೆಯಾಗೇ ಉಳಿಯಲ್ಲ, ಅದನ್ನೂ ಲೆಕ್ಕಕ್ಕೆ ತಗೊಳ್ಳಿ.

ಇದೇನೂ ಹೊಸ ವಿದ್ಯೆ ಅಲ್ಲ. ಮೈಸೂರು ಅರಸರ ಕಾಲದಲ್ಲಿ ಅಮೃತಮಹಲ್ ದನಗಳಿಗೆ ಬೇಸಿಗೆ, ಮಳೆಗಾಲ, ಚಳಿಗಾಲಕ್ಕೆ ಅಂತ ಬೇರೆ ಬೇರೆ ಕಾವಲು ಇಟ್ಟಿದ್ರು. ಒಂದು ಕಡೆ ಮೇಯುವಾಗ ಇನ್ನೊಂದು ಕಡೆ ಹುಲ್ಲು ಚೇತರಿಸಿಕೊಳ್ತಿತ್ತು. ಸಾವಿರಾರು ದನಕ್ಕೆ ಮಾಡಿದ್ದನ್ನ ನಾವು ಒಂದು ಕೇಜಿ ತೂಕದ ಪ್ರಾಣಿಗೆ ಮಾಡ್ತಿದ್ದೀವಿ, ಅಷ್ಟೇ.

ಯಾವ ಹುಲ್ಲು?

ನನ್ನನ್ನ ಕೇಳಿದ್ರೆ ಗರಿಕೆಯೇ. ನರ್ಸರಿಯವರು ಕೊರಿಯನ್ ಅಥವಾ ಮೆಕ್ಸಿಕನ್ ಹುಲ್ಲು ತೋರಿಸ್ತಾರೆ, ನೋಡೋಕೆ ಚಂದ. ಆದ್ರೆ ಅವು ನಿಧಾನಕ್ಕೆ ಬೆಳೆಯೋ ಜಾತಿ, ಮೇಯ್ದ ಜಾಗ ತುಂಬೋಕೆ ಬಹಳ ದಿನ ತಗೊಳ್ತಾವೆ. ಗರಿಕೆ ಮಣ್ಣಿನ ಮೇಲೂ ಒಳಗೂ ಹಬ್ಬುತ್ತೆ, ಪ್ರತಿ ಗೆಣ್ಣಿನಲ್ಲೂ ಬೇರು ಬಿಡುತ್ತೆ. ಅದಕ್ಕೆ ಆಗದೇ ಇರೋದು ನೆರಳು. ತೆಂಗಿನ ಮರದ ಕೆಳಗೆ ಗರಿಕೆ ತೆಳ್ಳಗಾದ್ರೆ ಪ್ರಾಣಿಯನ್ನ ಬೈಬೇಡಿ.

ತೆಂಗಿನ ನೆರಳಿನಲ್ಲಿ ಗಿನಿ ಹುಲ್ಲು ಒಂದು ಸಾಲು ನೆಡಿ, ಬೇಸಿಗೆಗೆ ಎಳೆಯದಾಗಿ ಕುಯ್ದು ಹಾಕಬಹುದು. (ಗಿನಿ ಹುಲ್ಲು ಆಫ್ರಿಕಾದ್ದು, ಗಿನಿಪಿಗ್ ದಕ್ಷಿಣ ಅಮೆರಿಕದ ಆಂಡಿಸ್ ಬೆಟ್ಟದ್ದು. ಹೆಸರು ಬಿಟ್ರೆ ಎರಡಕ್ಕೂ ಸಂಬಂಧ ಇಲ್ಲ. ಗಿನಿಪಿಗ್ ಹಂದಿಯೂ ಅಲ್ಲ.) ಕುದುರೆ ಮಸಾಲೆ ಸೊಪ್ಪು ದೊಡ್ಡ ಪ್ರಾಣಿಗಳಿಗೆ ದಿನಾ ಬೇಡ, ಕ್ಯಾಲ್ಸಿಯಂ ಜಾಸ್ತಿಯಾಗಿ ಮೂತ್ರಕೋಶದಲ್ಲಿ ಕಲ್ಲು ಆಗಬಹುದು. ಯಂತ್ರದಲ್ಲಿ ಕತ್ತರಿಸಿದ ಲಾನ್ ಹುಲ್ಲನ್ನಂತೂ ಹಾಕಲೇಬೇಡಿ. ಅದು ಬೇಗ ಬಿಸಿಯಾಗಿ ಹುಳಿಯುತ್ತೆ, ಹೊಟ್ಟೆ ಉಬ್ಬರಿಸುತ್ತೆ.

ಪ್ರಾಣಿಗಳು ಮೂಲೆ ಹಿಡಿದು ಉಚ್ಚೆ ಹೊಯ್ಯುತ್ತವೆ, ಆ ಜಾಗ ಸುಟ್ಟ ಹಾಗೆ ಹಳದಿಯಾಗುತ್ತೆ. ಪಂಜರ ಎತ್ತಿದ ತಕ್ಷಣ ಅಲ್ಲಿಗೆ ಒಂದು ಬಕೆಟ್ ನೀರು ಹಾಕಿ. ಹಿಕ್ಕೆಯನ್ನ ಪರಕೆಯಲ್ಲಿ ಹರಡಿದ್ರೆ ಅದೇ ಗೊಬ್ಬರ. ಜೀವಾಮೃತ ಕೊಡೋದಾದ್ರೆ ಮೇಯ್ದು ಮುಗಿಸಿದ ಜಾಗಕ್ಕೆ ಅವತ್ತೇ ಕೊಡಿ, ಮತ್ತೆ ಪಂಜರ ಬರೋಷ್ಟರಲ್ಲಿ ಎರಡು ವಾರ ಸಿಕ್ಕಿರುತ್ತೆ. ಯೂರಿಯಾ ಬೇಡ.

ಹುಲ್ಲಿಗೆ ಹೊಡೆದಿದ್ದು ಹೊಟ್ಟೆಗೆ

ಗೊಬ್ಬರ ತಪ್ಪಿದ್ರೆ ಹುಲ್ಲು ಹೋಗುತ್ತೆ, ಇಲ್ಲಿ ತಪ್ಪಿದ್ರೆ ಪ್ರಾಣಿಯೇ ಹೋಗುತ್ತೆ. ಗಿನಿಪಿಗ್‌ಗೆ ವಾಂತಿ ಮಾಡೋಕೆ ಬರಲ್ಲ, ಒಳಗೆ ಹೋದ ವಿಷ ಒಳಗೇ ಉಳಿಯುತ್ತೆ. ಗೆದ್ದಲಿಗೆ ಅಂತ ಕ್ಲೋರ್‌ಪೈರಿಫಾಸ್ ಸುರಿದ ಜಾಗ, ಗೊಣ್ಣೆ ಹುಳುವಿಗೆ ಹರಳು ಔಷಧಿ ಹಾಕಿದ ಜಾಗ, ಶುಂಠಿ ಹೊಲದ ಬದುವಿನಲ್ಲಿ ಕಳೆನಾಶಕ ಹಾರಿ ಬಿದ್ದ ಜಾಗ, ಇವುಗಳಲ್ಲಿ ಮೇಯಿಸಬೇಡಿ. ಬೇಲೂರು ಕಡೆ ಕಾಫಿ ತೋಟದಲ್ಲಿ ಬಸವನಹುಳುವಿಗೆ ಇಡೋ ಮೆಟಾಲ್ಡಿಹೈಡ್ ಉಂಡೆ ಇನ್ನೂ ಅಪಾಯ, ಅದು ನೋಡೋಕೆ ತಿಂಡಿಯ ಹಾಗೇ ಇರುತ್ತೆ. ಪಕ್ಕದ ಹೊಲದಲ್ಲಿ ಆಲೂಗಡ್ಡೆಗೋ ಶುಂಠಿಗೋ ಔಷಧಿ ಹೊಡೆಯೋ ದಿನ ಮೊದಲೇ ತಿಳಿಸಿ ಅಂತ ಅಕ್ಕಪಕ್ಕದವರಿಗೆ ಹೇಳಿಟ್ಟಿರಿ. ಲಾನ್ ಬೇಲಿಗೆ ಕಣಗಿಲೆ, ಲಂಟಾನ ಇದ್ರೆ ತೆಗೆಸಿ.

ಕುರಿ ಇರೋರಿಗೆ ಒಂದು ಮಾತು. ತೆಂಗಿನ ತೋಟದ ಹುಲ್ಲಿಗೂ ಇದೇ ಲೆಕ್ಕ, ಪಂಜರದ ಬದಲು ಬಲೆ ಬೇಲಿ. ಆದ್ರೆ ಅಡಿಕೆ, ಮೆಣಸಿಗೆ ಬೋರ್ಡೋ ದ್ರಾವಣ ಹೊಡೆದ ಕೆಳಗೆ ಕುರಿ ಬಿಡಬೇಡಿ. ಮೈಲುತುತ್ತದ ತಾಮ್ರ ಕುರಿಗೆ ಬೇರೆ ಪ್ರಾಣಿಗಳಿಗಿಂತ ಬೇಗ ವಿಷ ಆಗುತ್ತೆ.

ಇನ್ನು ಪ್ರಾಣಿಯ ವಿಷಯ. ನಮ್ಮ ಹಾಗೇ ಗಿನಿಪಿಗ್‌ಗೂ ವಿಟಮಿನ್ ಸಿ ಮೈಯಲ್ಲಿ ತಯಾರಾಗಲ್ಲ, ಊಟದಲ್ಲೇ ಸಿಗಬೇಕು. ಹಸಿ ಹುಲ್ಲಿನಲ್ಲಿ ಸ್ವಲ್ಪ ಸಿಗುತ್ತೆ, ಒಣ ಹುಲ್ಲಿನಲ್ಲಿ ಇಲ್ಲವೇ ಇಲ್ಲ ಅನ್ನಬಹುದು. ಬೇಸಿಗೆಯಲ್ಲಿ ಲಾನ್ ಒಣಗಿದಾಗ ಒಂದು ತುಂಡು ದಪ್ಪ ಮೆಣಸಿನಕಾಯಿ, ಸೀಬೆಹಣ್ಣು ಕೊಡಿ. ಹೊಸದಾಗಿ ತಂದಿದ್ದನ್ನ ಮೊದಲ ದಿನವೇ ಇಡೀ ದಿನ ಹಸಿ ಹುಲ್ಲಿಗೆ ಬಿಡಬೇಡಿ, ಕಾಲು ಗಂಟೆಯಿಂದ ಶುರು ಮಾಡಿ. ಮಾರ್ಚ್, ಏಪ್ರಿಲ್‌ನಲ್ಲಿ ಬೆಳಗ್ಗೆ ಒಂಬತ್ತರ ಒಳಗೆ, ಸಂಜೆ ಐದರ ಮೇಲೆ ಮಾತ್ರ ಹೊರಗೆ. ಬಿಸಿಲು ಇವಕ್ಕೆ ಸಹಿಸೋಕೆ ಆಗಲ್ಲ. ರಾತ್ರಿ ಒಳಗೇ ಇರಲಿ, ಮುಂಗುಸಿ, ಕೇರೆ ಹಾವು, ಬೆಕ್ಕು ಎಲ್ಲ ಊರಲ್ಲೂ ಇದ್ದಾವೆ.

ಊಟ ಬಿಟ್ಟು ಕೂತ್ರೆ ಅವತ್ತೇ ಡಾಕ್ಟರ್ ಹತ್ರ ಕರ್ಕೊಂಡು ಹೋಗಿ, ನಾಳೆ ನೋಡೋಣ ಅನ್ನಬೇಡಿ. "ಇದು ಗಿನಿಪಿಗ್, ಪೆನಿಸಿಲಿನ್, ಅಮಾಕ್ಸಿಸಿಲಿನ್ ಥರದ್ದು ಆಗಲ್ಲ" ಅಂತ ಹೇಳಿ. ದನ, ಕುರಿ ನೋಡೋ ಡಾಕ್ಟರ್‌ಗೆ ಇಂಥ ಪ್ರಾಣಿ ಬರೋದು ಅಪರೂಪ, ಹೇಳಿದ್ರೆ ಅವರೇನೂ ಬೇಜಾರು ಮಾಡ್ಕೊಳ್ಳಲ್ಲ.

ಈಗಾಗಲೇ ಬೋಳಾಗಿರೋ ಜಾಗ ಇದ್ರೆ ಮೇಲ್ಮಣ್ಣು ಕೆದಕಿ, ಗರಿಕೆ ಬಳ್ಳಿಯನ್ನ ಎರಡು ಮೂರು ಗೆಣ್ಣು ಇರೋ ಹಾಗೆ ತುಂಡು ಮಾಡಿ, ಅರ್ಧ ಮಣ್ಣಿನಲ್ಲಿ ಹೂತು ಎರೆಗೊಬ್ಬರ ಉದುರಿಸಿ. ಮೇ ತಿಂಗಳ ಮಳೆ ಬಿದ್ದ ಮೇಲೆ ಮಾಡಿದ್ರೆ ನೀರಿನ ಖರ್ಚು ಇಲ್ಲ. ಅಲ್ಲಿಗೆ ಒಂದು ಗೂಟ ಹೊಡೆದು ಗುರುತು ಮಾಡಿ, ಬಳ್ಳಿ ಹಬ್ಬಿ ನೆಲ ಮುಚ್ಚೋವರೆಗೆ ಪಂಜರ ಆ ಕಡೆ ಹೋಗಬಾರದು.