ಕಬ್ಬಿನ ಸಿಪ್ಪೆಯಲ್ಲಿ ಕರೆಂಟು ಕೂಡಿಡಬಹುದೇ?

ಕಳೆದ ಮುಂಗಾರಿನಲ್ಲಿ ಸೋಯಾಕ್ಕೆ ಔಷಧ ಹೊಡೆಯಲೆಂದು ಅಟ್ಟದಿಂದ ಬ್ಯಾಟರಿ ಪಂಪು ಇಳಿಸಿದರೆ ಅದು ಮಿಸುಕಲೇ ಇಲ್ಲ. ಕೊಂಡು ಎರಡೇ ವರ್ಷ. ರಿಪೇರಿಯವರು ಬಿಚ್ಚಿ ನೋಡಿ, "ಖಾಲಿ ಬ್ಯಾಟರಿ ಆರು ತಿಂಗಳು ಹಂಗ ಇಟ್ಟೀರಿ. ಸೀಸದ ತಗಡಿಗೆ ಸಲ್ಫೇಟು ಕಟ್ಟೈತಿ" ಎಂದರು. ತಪ್ಪು ನನ್ನದೇ.

ಅದೇ ವಾರ ಕೊಲ್ಲಾಪುರದಲ್ಲಿ ಓದುವ ಪಕ್ಕದ ಮನೆಯ ಹುಡುಗ ರಾಯಬಾಗಕ್ಕೆ ಬಂದಿದ್ದ. "ಕಾಕಾ, ನಿಮ್ಮ ಕಬ್ಬಿನ ಸಿಪ್ಪೀನೂ ಕರೆಂಟ್ ಹಿಡಿದಿಡತೈತಿ" ಎಂದ. ಕೂರಿಸಿ ಕೇಳಿದೆ.

ಸಿಪ್ಪೆಯನ್ನು ಗಾಳಿಯಾಡದಂತೆ ಸುಟ್ಟು ಇದ್ದಿಲು ಮಾಡಿ, ಪೊಟ್ಯಾಶಿಯಂ ಹೈಡ್ರಾಕ್ಸೈಡ್ ಬೆರೆಸಿ ಮತ್ತೆ ಕಾಯಿಸುತ್ತಾರೆ. ಆಗ ಕಣ್ಣಿಗೆ ಕಾಣದಷ್ಟು ಸಣ್ಣ ತೂತುಗಳಾಗುತ್ತವೆ. ಒಂದು ಗ್ರಾಂ ಇದ್ದಿಲಿನ ಒಳಮೈ ಹರಡಿದರೆ 1,000 ಚದರ ಮೀಟರಿಗೂ ಮಿಗಿಲು. ನಮ್ಮ ಲೆಕ್ಕದಲ್ಲಿ ಹತ್ತು ಗುಂಟೆ! ಇದನ್ನು ಬಟ್ಟೆಗೋ ತೆಳು ಉಕ್ಕಿನ ಹಾಳೆಗೋ ಬಳಿದು, ಅಂಥ ಎರಡು ಹಾಳೆಗಳ ನಡುವೆ ಲವಣ ಬೆರೆತ ಅಂಟಿನ ಪದರ ಇಟ್ಟರೆ ಬಾಗಿಸಿದರೂ ಮುರಿಯದ ಸೂಪರ್ ಕೆಪಾಸಿಟರ್ ಆಯಿತು. ನಿಪ್ಪಾಣಿಗೆ ಹತ್ತಿರದ ಕೊಲ್ಲಾಪುರದ ಶಿವಾಜಿ ವಿಶ್ವವಿದ್ಯಾಲಯದಲ್ಲಿ ಪ್ರೊ. ಸಿ.ಡಿ. ಲೋಖಂಡೆಯವರ ತಂಡ ಲೋಹದ ಆಕ್ಸೈಡ್‌ಗಳ ತೆಳು ಪದರದಿಂದ, ಅಗ್ಗದ ವಿಧಾನದಲ್ಲಿ, ಇಂಥವನ್ನು ಬಹಳ ವರ್ಷ ಮಾಡಿ ನೋಡಿದೆ.

ಇದು ಬೇಗ ಚಾರ್ಜ್ ಆಗುತ್ತದೆ, ಸಾವಿರಾರು ಸಲ ತುಂಬಿ ಖಾಲಿ ಮಾಡಿದರೂ ಬಾಳುತ್ತದೆ. ಹಾಗಾದರೆ ನನ್ನ ಪಂಪಿಗೆ ಆದೀತೇ? ಲೆಕ್ಕ ಹಾಕಿದೆವು. ಪಂಪಿನ ಬ್ಯಾಟರಿ 12 ವೋಲ್ಟ್, 8 ಆಂಪಿಯರ್-ಅವರ್. ಅಂದರೆ 96 ವಾಟ್-ಅವರ್. ಸೂಪರ್ ಕೆಪಾಸಿಟರಿನಲ್ಲಿ ಕಿಲೋಕ್ಕೆ ಸುಮಾರು 5 ವಾಟ್-ಅವರ್ ಹಿಡಿದರೆ 19 ಕಿಲೋ ಬೆನ್ನಿಗೆ ಹೊರಬೇಕು! ಮಣ್ಣಿನ ತೇವ ಅಳೆಯುವ ಪುಟ್ಟ ಸಾಧನಕ್ಕೆ ಸರಿ, ಪಂಪಿಗಲ್ಲ. "ಇದ್ದಿಲಿನ ಬ್ಯಾಟರಿ" ಎಂದು ಯಾರಾದರೂ ಮುಂಗಡ ಕೇಳಿದರೆ ಈ ಲೆಕ್ಕ ಅವರ ಮುಂದಿಡಿ.

ಆದರೂ ಒಂದು ಮಾತು. ಚಿಕ್ಕೋಡಿ, ಅಥಣಿ, ಕಾಗವಾಡ, ಎಲ್ಲಿ ನೋಡಿದರೂ ಕಬ್ಬು. ಟನ್ನಿಗೆ ಸುಮಾರು 300 ಕಿಲೋ ಸಿಪ್ಪೆ ಕಾರ್ಖಾನೆಯಲ್ಲಿ ಉಳಿದು ಬಾಯ್ಲರಿಗೆ ಹೋಗುತ್ತದೆ. ಸಕ್ಕರೆ ಮತ್ತು ಸಿಪ್ಪೆ, ಕಾಕಂಬಿಯಂಥ ಉಪ ಉತ್ಪನ್ನಗಳ ಮೌಲ್ಯದಲ್ಲಿ ರೈತನಿಗೆ 70 ಶೇಕಡಾ ಸಿಗಬೇಕೆಂದು ರಂಗರಾಜನ್ ಸಮಿತಿ 2012ರಲ್ಲೇ ಹೇಳಿತ್ತು. ನಾಳೆ ಸಿಪ್ಪೆಗೆ ಬೆಲೆ ಏರಿದರೆ ನಮ್ಮ ಪಾಲನ್ನು ನಾವೇ ಕೇಳಬೇಕು.

ಅಲ್ಲಿಯವರೆಗೆ ಹೊಸ ಬ್ಯಾಟರಿಯನ್ನು ತುಂಬಿಸಿಯೇ ಅಟ್ಟಕ್ಕೆ ಇಡುತ್ತಿದ್ದೇನೆ. ತಿಂಗಳಿಗೊಮ್ಮೆ ಇಳಿಸಿ ಚಾರ್ಜಿಗೆ ಹಾಕುತ್ತೇನೆ. ನೀವೂ ಹಾಗೇ ಮಾಡಿ.