ಒಂದು ಪೆಟ್ಟಿಗೆ, ಎರಡು ಸಂಸಾರ

ಕಳಸದಿಂದ ಕುದುರೆಮುಖದ ಕಡೆಗೆ ಸಾಗುವ ಹಾದಿಯಲ್ಲಿ ನಮ್ಮೂರು ಸಂಸೆ. ಸುತ್ತಲೂ ಚಹದ ಹಸುರು, ಕಾಫಿಯ ತೋಟ, ನಡುವೆ ಅಡಕೆಯ ಸಾಲು. ಆಷಾಢ ಕಾಲಿಟ್ಟಿತೆಂದರೆ ಇಲ್ಲಿ ಸೂರ್ಯದರ್ಶನ ಅಪರೂಪ. ವಿದ್ಯುದ್ದೀಪದ ದರ್ಶನ ಅದಕ್ಕಿಂತಲೂ ಅಪರೂಪ. ನಮ್ಮ ಕಡೆಯ ಹಳೆಯ ಮನೆಗಳಿಗೆ ಅಟ್ಟವೇ ಭೂಷಣ. ಕಾಲು ಮುರಿದ ಮಣೆ, ತಳ ಹೋದ ಕೊಳದಪ್ಪಲೆ, ಅಜ್ಜನ ಕಾಲದ ಲೆಕ್ಕದ ಪುಸ್ತಕ, ಎಲ್ಲವೂ “ಇರಲಿ, ಎಂದಾದರೂ ಬೇಕಾದೀತು” ಎಂಬ ಒಂದೇ ಮಾತಿನ ಬಲದಿಂದ ಅಟ್ಟವೇರುತ್ತವೆ. ನಮ್ಮ ಮನೆಯ ಗಣಕಯಂತ್ರವೂ ಈ ಸಂಪ್ರದಾಯವನ್ನು ಚೆನ್ನಾಗಿ ಕಲಿತುಕೊಂಡಿದೆ ಎಂಬುದು ಕಳೆದ ಮಳೆಗಾಲದಲ್ಲಿ ನನಗೆ ತಿಳಿಯಿತು.

ಅದು ಹತ್ತು ವರ್ಷಕ್ಕೂ ಹಳೆಯ ಯಂತ್ರ. ಅದರೊಳಗೆ ಎರಡು ಸಂಸಾರಗಳು ವಾಸವಾಗಿವೆ. ಒಂದು ವಿಂಡೋಸ್, ಇನ್ನೊಂದು ಲಿನಕ್ಸ್ ಮನೆತನದ ಉಬುಂಟು. ಯಂತ್ರಕ್ಕೆ ಚಾಲನೆ ಕೊಟ್ಟೊಡನೆ “ಇಂದು ಯಾರ ಮನೆಗೆ ಬರುತ್ತೀರಿ?” ಎಂದು ಪರದೆ ಕೇಳುತ್ತದೆ, ಆರಿಸಿಕೊಂಡ ಮನೆಯ ಬಾಗಿಲು ತೆರೆಯುತ್ತದೆ. ಹಿಸ್ಸೆಯಾದ ಅಣ್ಣತಮ್ಮಂದಿರು ಒಂದೇ ಸೂರಿನಡಿ ನಡುಗೋಡೆ ಹಾಕಿಕೊಂಡು ಬಾಳಿದಂತೆ. 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ ಮುಗಿದ ಮೇಲೆ, ಹಳೆಯ ಯಂತ್ರವನ್ನು ಬಿಸಾಡಲೊಲ್ಲದ ಅನೇಕರು ಇಂಥ ಎರಡನೆಯ ಸಂಸಾರದ ಯೋಚನೆ ಮಾಡುತ್ತಿದ್ದಾರೆ. ಆದುದರಿಂದ ನನ್ನ ಅನುಭವ ವಾಚಕರಿಗೆ ಉಪಯೋಗವಾದೀತೆಂದು ಬರೆಯುತ್ತಿದ್ದೇನೆ.

ಕೊಂಡ ದಿನ ನಮ್ಮ ಯಂತ್ರದ ಡಿಸ್ಕು 320 ಗಿಗಾಬೈಟ್. ವಿಂಡೋಸ್ ತೋರಿಸುವುದು ಮಾತ್ರ 298. ಅಂಗಡಿಯವನ ಮೋಸವಲ್ಲ ಇದು. ತಯಾರಕರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುತ್ತದೆ. ಇದರಲ್ಲಿ ಬಹುಪಾಲು ವಿಂಡೋಸಿಗೆ. ಉಬುಂಟುವಿಗೆ ಸಣ್ಣ ಪಾಲು. ಮಳೆಗೆ ಕಾಲೇಜಿಗೆ ರಜೆ ಸಿಕ್ಕ ಒಂದು ದಿನ ಉಬುಂಟು “ಸ್ಥಳವಿಲ್ಲ” ಎಂದು ಕೈಚೆಲ್ಲಿತು. ಆಚೆಯ ಮನೆಗೆ ಹೋಗಿ ನೋಡಿದರೆ ಅಲ್ಲಿಯೂ ಕೆಂಪು ಗೆರೆ.

ತಪ್ಪಿದ ಮೊದಲ ಹೆಜ್ಜೆ

ಕನ್ನಡ ಮೇಷ್ಟ್ರಿಗೆ ಮೊದಲು ಕಂಡುದು ತನ್ನದೇ ಪಾಠದ ಟಿಪ್ಪಣಿಗಳು. ಒಂದು ಗಂಟೆ ಕುಳಿತು ನೂರಾರು ಟಿಪ್ಪಣಿಗಳನ್ನು ಅಳಿಸಿದೆ. ಫಲ? ಶೂನ್ಯವೆಂದೇ ಹೇಳಬೇಕು. ಯುನಿಕೋಡಿನ ರೂಢಿಯ ಕಡತಗಳಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೆ 3 ಬೈಟ್ ಬೇಕು. ಪುಟಕ್ಕೆ ಸಾವಿರದೈನೂರು ಸಂಕೇತಗಳಂತೆ ಮುನ್ನೂರು ಪುಟದ ಗ್ರಂಥ ಬರೆದರೂ ಒಂದೂವರೆ ಮೆಗಾಬೈಟಿಗೆ ಒಳಗೇ ಮುಗಿಯುತ್ತದೆ. ಇಂದಿನ ಫೋನಿನಲ್ಲಿ ಹಿಡಿದ ಒಂದು ನಿಮಿಷದ ಚಲಚ್ಚಿತ್ರವೋ, ಸುಮಾರು ನೂರು ಮೆಗಾಬೈಟನ್ನು ನುಂಗೀತು! 1956ರಲ್ಲಿ ಐಬಿಎಂ ಸಂಸ್ಥೆ ಹೊರತಂದ ಮೊದಲ ಡಿಸ್ಕ್ ಸಾಧನದಲ್ಲಿ ಎರಡಡಿ ಅಗಲದ ಐವತ್ತು ತಟ್ಟೆಗಳಿದ್ದುವು. ತೂಕ ಸುಮಾರು ಒಂದು ಟನ್ನು. ಅದರಲ್ಲಿ ಹಿಡಿಯುತ್ತಿದ್ದುದು 50 ಲಕ್ಷ ಅಕ್ಷರಗಳು ಮಾತ್ರ. ಇಂದಿನ ಒಂದೆರಡು ಛಾಯಾಚಿತ್ರಗಳಿಗೆ ಅದು ತುಂಬಿಹೋದೀತು. ಬರೆಹ ಬಡಪಾಯಿ, ಜಾಗ ತಿನ್ನುವವರು ಬೇರೆ.

ಅಜ್ಜನ ಹಾಡು

ಪಾಠ ಕಲಿತವನಂತೆ ವಿಂಡೋಸಿನಲ್ಲಿ ‘ಸೆಟ್ಟಿಂಗ್ಸ್’, ಅದರೊಳಗೆ ‘ಸ್ಟೋರೇಜ್’, ಅದರೊಳಗೆ ‘ಟೆಂಪೊರರಿ ಫೈಲ್ಸ್’ ಎಂಬ ಪಟ್ಟಿಯನ್ನು ತೆರೆದೆ. ತಾತ್ಕಾಲಿಕ ಕಡತಗಳೆಂದ ಮೇಲೆ ಯೋಚನೆಯೇಕೆ? ಪಟ್ಟಿಯಲ್ಲಿದ್ದ ಎಲ್ಲ ಹೆಸರುಗಳಿಗೂ ಗುರುತು ಹಾಕಿದೆ. ಅಳಿಸುವ ಗುಂಡಿಯನ್ನು ಒತ್ತಬೇಕು, ಅಷ್ಟರಲ್ಲಿ ಹಿಂದೆ ನಿಂತಿದ್ದ ಮಗಳು ಕೇಳಿದಳು:

“ಅಪ್ಪಾ, ಅಜ್ಜನ ಹಾಡು ಡೌನ್‌ಲೋಡ್ಸ್‌ನಲ್ಲೇ ಅಲ್ವಾ ಇರೋದು?”

ನನ್ನ ಕೈ ಅಲ್ಲಿಯೇ ಮರಗಟ್ಟಿತು. ನಮ್ಮ ತಂದೆಯವರು ಸಂಜೆಯ ಹೊತ್ತು ಜಗಲಿಯಲ್ಲಿ ಕುಳಿತು ಲಕ್ಷ್ಮೀಶನ ಜೈಮಿನಿ ಭಾರತವನ್ನು ರಾಗವಾಗಿ ಓದುತ್ತಿದ್ದರು. ಅಣ್ಣ ಅದನ್ನು ತನ್ನ ಫೋನಿನಲ್ಲಿ ಹಿಡಿದು ನನಗೆ ಕಳುಹಿಸಿದ್ದ. ಬಂದ ಕಡತಗಳು ‘ಡೌನ್‌ಲೋಡ್ಸ್’ ಎಂಬ ಕೋಶದಲ್ಲಿ ಬಿದ್ದಿದ್ದುವು. ಎತ್ತಿಡುವ ಕೆಲಸವನ್ನು ನಾನು ನಾಳೆಗೆಂದು ತಳ್ಳುತ್ತಲೇ ಬಂದಿದ್ದೆ. ಅಣ್ಣನ ಆ ಫೋನು ಎಂದೋ ಕೆಟ್ಟುಹೋಯಿತು. ತಂದೆಯವರು ತೀರಿಕೊಂಡು ಮೂರು ವರ್ಷ. ಆ ಧ್ವನಿ ಪ್ರಪಂಚದಲ್ಲಿ ಇನ್ನೆಲ್ಲಿಯೂ ಇರಲಿಲ್ಲ. ಆ ಪಟ್ಟಿಯಲ್ಲಿ ‘ಡೌನ್‌ಲೋಡ್ಸ್’ ಎಂಬ ಹೆಸರೂ ಇತ್ತು. ಅದಕ್ಕೆ ಗುರುತು ಹಾಕಿದವನು ನಾನೇ. ಅಲ್ಲಿಂದ ಅಳಿಸಿದುದು ಕಸದ ಬುಟ್ಟಿಗೂ ಹೋಗದೆ ನೇರವಾಗಿ ಮಾಯವಾಗುತ್ತಿತ್ತು.

ಅಂದು ಇನ್ನೇನನ್ನೂ ಮಾಡಲಿಲ್ಲ. ಹೊರಗಿನ ಡಿಸ್ಕೊಂದಕ್ಕೆ ಹಾಡುಗಳನ್ನೂ ಮನೆಯ ಚಿತ್ರಗಳನ್ನೂ ನಕಲು ಮಾಡಿದೆ. ಇನ್ನೊಂದು ನಕಲನ್ನು ಪೆನ್‌ಡ್ರೈವಿಗೆ ಹಾಕಿ ಬೆಂಗಳೂರಿನ ಅಣ್ಣನಿಗೆ ಕಳುಹಿಸಿದೆ. ಎರಡೂ ಕಡೆ ತೆರೆದು, ಕೇಳಿ, ಸರಿಯಾಗಿದೆಯೆಂದು ಖಚಿತವಾದ ಮೇಲೆಯೇ ಮುಂದಿನ ಕೆಲಸ.

ಯಂತ್ರ ತಾನೇ ಕೂಡಿಟ್ಟ ಗಂಟು

ಮನುಷ್ಯ ಕೂಡಿಟ್ಟುದನ್ನು ಮುಟ್ಟುವ ಮೊದಲು ಯಂತ್ರ ಕೂಡಿಟ್ಟುದನ್ನು ತೆಗೆಯಬೇಕು. ವಿಂಡೋಸಿನಲ್ಲಿ ‘ಡಿಸ್ಕ್ ಕ್ಲೀನಪ್’ ತೆರೆದು ‘ಸಿಸ್ಟಂ ಫೈಲ್ಸ್’ ಎಂಬುದನ್ನು ಆರಿಸಿದರೆ ಹಳೆಯ ಪರಿಷ್ಕರಣೆಗಳ ಅವಶೇಷಗಳು ಹೊರಬೀಳುತ್ತವೆ. ಅವನ್ನು ಹೀಗೆಯೇ ತೆಗೆಯಬೇಕಲ್ಲದೆ ವಿಂಡೋಸ್ ಕೋಶದೊಳಕ್ಕೆ ಕೈಹಾಕಿ ಕಿತ್ತೆಸೆಯಬಾರದು. ಯಂತ್ರ ನಿದ್ರಿಸುವಾಗ ತನ್ನ ನೆನಪನ್ನು ಬರೆದಿಡಲು ದೊಡ್ಡದೊಂದು ಕಡತವನ್ನು ಕಾದಿರಿಸಿಕೊಂಡಿರುತ್ತದೆ. ನಮ್ಮ 8 ಗಿಗಾಬೈಟ್ ಸ್ಮೃತಿಯ ಯಂತ್ರದಲ್ಲಿ ಅದು ಮೂರು ಗಿಗಾಬೈಟಿಗೂ ಮಿಕ್ಕಿತ್ತು. ಆಡಳಿತಾಧಿಕಾರದ ಆಜ್ಞಾಫಲಕದಲ್ಲಿ ‘ಪವರ್‌ಸಿಎಫ್‌ಜಿ /ಹೆಚ್ ಆಫ್’ ಎಂಬ ಆಜ್ಞೆ ಕೊಟ್ಟೆ, ಕಡತ ಹೋಯಿತು. ಎರಡು ಸಂಸಾರದವರಿಗೆ ಇದರಿಂದ ಇನ್ನೊಂದು ಲಾಭವುಂಟು. ‘ಫಾಸ್ಟ್ ಸ್ಟಾರ್ಟಪ್’ ಇರುವಾಗ ವಿಂಡೋಸ್ ನಿಜವಾಗಿ ಮಲಗದೆ ಅರೆನಿದ್ರೆಯಲ್ಲಿರುತ್ತದೆ; ಆಗ ಅದರ ಪಾಲಿನಲ್ಲಿ ಉಬುಂಟು ಬರೆಯಲಾರದು, ಬರೆದರೆ ಹಾನಿ. ಈ ಆಜ್ಞೆಯಿಂದ ಅದೂ ನಿಲ್ಲುತ್ತದೆ.

ಉಬುಂಟುವಿನ ಕಡೆ ತಿರುಳು ತಂತ್ರಾಂಶದ, ಅಂದರೆ ‘ಕರ್ನೆಲ್’ನ, ಹಳೆಯ ಆವೃತ್ತಿಗಳು ಉಳಿದಿರುತ್ತವೆ. ಒಂದೊಂದೂ ನೂರಾರು ಮೆಗಾಬೈಟ್. ‘ಸುಡೊ ಆಪ್ಟ್ ಆಟೊರಿಮೂವ್’ ಎಂದರೆ ಚಾಲ್ತಿಯಲ್ಲಿರುವುದನ್ನು ಉಳಿಸಿಕೊಂಡು ಬೇಡದ ಹಳೆಯವನ್ನು ಅದೇ ತೆಗೆಯುತ್ತದೆ. ‘ಸುಡೊ ಆಪ್ಟ್ ಕ್ಲೀನ್’ ಎಂದರೆ ಸ್ಥಾಪನೆಗಾಗಿ ಇಳಿಸಿಕೊಂಡ ಪೊಟ್ಟಣಗಳ ನಕಲುಗಳು ಹೋಗುತ್ತವೆ. ಇಷ್ಟಕ್ಕೇ ಎರಡೂ ಮನೆಗಳು ಉಸಿರಾಡಿದುವು.

ಗೋಡೆಯನ್ನು ಸರಿಸಬೇಕೆ?

ಈಗ ವಿಂಡೋಸಿನಲ್ಲಿ ಸಾಕಷ್ಟು ಜಾಗ. ಉಬುಂಟುವಿನಲ್ಲಿ ಇನ್ನೂ ಇಕ್ಕಟ್ಟು. ನಡುಗೋಡೆಯನ್ನೇ ಸರಿಸಿದರೆ? ಸಾಧ್ಯವುಂಟು. ವಿಂಡೋಸಿನ ಪಾಲನ್ನು ಅದರ ‘ಡಿಸ್ಕ್ ಮ್ಯಾನೇಜ್‌ಮೆಂಟ್’ನಿಂದಲೇ ಕುಗ್ಗಿಸಿ, ಪೆನ್‌ಡ್ರೈವಿನಿಂದ ಯಂತ್ರವನ್ನು ಎಬ್ಬಿಸಿ, ‘ಜಿಪಾರ್ಟೆಡ್’ ಎಂಬ ಸಾಧನದಿಂದ ಉಬುಂಟುವಿನ ಪಾಲನ್ನು ಹಿಗ್ಗಿಸಬೇಕು. ಆದರೆ ತೆರವಾದ ಜಾಗ ಉಬುಂಟುವಿನ ಮುಂದುಗಡೆ ಇದ್ದರೆ, ಅದರೊಳಗಿನ ಸಾಮಾನೆಲ್ಲವನ್ನೂ ಯಂತ್ರ ಒಂದೊಂದಾಗಿ ಹೊತ್ತು ಸರಿಸಬೇಕಾಗುತ್ತದೆ. ಹಳೆಯ ಡಿಸ್ಕಿನಲ್ಲಿ ಅದು ಗಂಟೆಗಟ್ಟಲೆಯ ಕೆಲಸ. ನಡುವೆ ವಿದ್ಯುತ್ತು ಹೋಯಿತೋ, ಆ ಪಾಲಿನಲ್ಲಿದ್ದುದು ಕೈಗೆ ಬಾರದೆ ಹೋದೀತು. ತಂತಿಯ ಮೇಲೆ ಯಾವಾಗ ಮರ ಬಿದ್ದೀತೆಂದು ಹೇಳಲಾಗದ ಸಂಸೆಯ ಆಷಾಢದಲ್ಲಿ ಆ ಸಾಹಸ ಮಾಡುವವನು ಮೂರ್ಖ.

ನಾನು ಸುಲಭದ ದಾರಿ ಹಿಡಿದೆ. ವಿಂಡೋಸಿನ ಪಾಲನ್ನು ಉಬುಂಟು ಓದಬಲ್ಲುದು, ಬರೆಯಬಲ್ಲುದು. ಉಬುಂಟುವಿನ ಪಾಲನ್ನು ವಿಂಡೋಸ್ ತಾನಾಗಿ ಓದಲಾರದು. ಆದುದರಿಂದ ಉಬುಂಟುವಿನಲ್ಲಿದ್ದ ಚಿತ್ರ, ಚಲಚ್ಚಿತ್ರಗಳನ್ನು ಅಣ್ಣನ ಮನೆಯ ಅಟ್ಟಕ್ಕೆ ಸಾಗಿಸಿದೆ. ಈಗ ಇಬ್ಬರಿಗೂ ಅವು ಕೈಗೆ ಸಿಗುತ್ತವೆ. ಗೋಡೆ ಇದ್ದಲ್ಲಿಯೇ ಇದೆ.

ಅಂದು ಸಂಜೆ ಕರೆಂಟು ಬಂದ ಅರ್ಧ ಗಂಟೆಯ ಅವಕಾಶದಲ್ಲಿ ಮಗಳು ಯಂತ್ರದ ಮುಂದೆ ಕುಳಿತಳು. ಹೊರಗೆ ಹಂಚಿನ ಮೇಲೆ ಮಳೆ. ಒಳಗೆ ಚಂದ್ರಹಾಸನ ಕಥೆಯನ್ನು ಓದುವ ತಂದೆಯವರ ಧ್ವನಿ. ನಡುವೆ ಅವರು ಕೆಮ್ಮಿದುದೂ, ಅಮ್ಮ ಕಾಫಿಗೆ ಕರೆದುದೂ ಕೇಳಿಸಿತು. ಅಮ್ಮ ಅಡಿಗೆಮನೆಯಿಂದ ಬಂದು ಬಾಗಿಲಿಗೆ ಒರಗಿ ನಿಂತರು. ಆ ಕಡತದ ಗಾತ್ರ ಎಷ್ಟೆಂದು ಆಗ ನೋಡಿದೆ: ಇಪ್ಪತ್ತು ಮೆಗಾಬೈಟೂ ಇರಲಿಲ್ಲ.